ಹತ್ತು ಸಾವಿರ ಗ್ರಾಹಕರು, ಒಂದೇ ಸರ್ವರ್: ವೇಗದ ಗುಟ್ಟೇನು?

ಪರೀಕ್ಷೆಯ ಫಲಿತಾಂಶ ಪ್ರಕಟವಾದ ಹೊತ್ತಿನಲ್ಲೇ ಅಂತರ್ಜಾಲ ತಾಣ ತೆರೆಯದೆ ಹೋದರೆ, ಇನ್ನಷ್ಟು ಬಲಿಷ್ಠ ಯಂತ್ರ ಬೇಕೆಂಬ ಬೇಡಿಕೆ ಏಳುವುದು ಸಹಜ. ಆದರೆ ವೆಬ್ ಸರ್ವರ್‌ಗಳ ಇತಿಹಾಸ ಹೇಳುವ ಪಾಠವೇ ಬೇರೆ.

ಏಕಕಾಲಕ್ಕೆ 10,000 ಗ್ರಾಹಕರಿಗೆ ಒಂದೇ ಸರ್ವರ್ ಸೇವೆ ನೀಡಬಲ್ಲದೇ ಎಂಬ ಪ್ರಶ್ನೆಯನ್ನು ತಂತ್ರಾಂಶ ತಜ್ಞ ಡ್ಯಾನ್ ಕೆಗೆಲ್ 1999ರಲ್ಲಿ ಮುಂದಿಟ್ಟರು. ಯಂತ್ರಾಂಶಕ್ಕೆ ಆ ಶಕ್ತಿ ಆಗಲೇ ಬಂದಿದೆ, ತಂತ್ರಾಂಶವೇ ಹಿಂದುಳಿದಿದೆ ಎಂಬುದು ಅವರ ವಾದದ ಸಾರ. ಇದೇ ‘ಸಿ-ಟೆನ್-ಕೆ’ ಸಮಸ್ಯೆ ಎಂದು ಹೆಸರಾಯಿತು.

ಕಾಯುವ ಮಾಣಿ

1995ರಲ್ಲಿ ಬಂದ ಅಪಾಚೆ ಸರ್ವರ್‌ನ ಆರಂಭಿಕ ವಿನ್ಯಾಸದಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಪ್ರಕ್ರಿಯೆ ಮೀಸಲಾಗಿತ್ತು. ಹೋಟೆಲಿನಲ್ಲಿ ಊಟ ಮುಗಿಯುವ ತನಕ ಪ್ರತಿ ಗಿರಾಕಿಯ ಪಕ್ಕದಲ್ಲೂ ಒಬ್ಬ ಮಾಣಿ ನಿಂತಂತೆ! ಗ್ರಾಹಕರ ಸಂಪರ್ಕ ನಿಧಾನವಾಗಿದ್ದರೆ ಪ್ರಕ್ರಿಯೆಗೆ ಕಾಯುವುದೇ ಕೆಲಸ; ಮೆಮೊರಿ ಮಾತ್ರ ವ್ಯಯವಾಗುತ್ತಲೇ ಇರುತ್ತದೆ.

ಕರೆದಾಗ ಬರುವ ಮಾಣಿ

ಕೆಲವೇ ಪ್ರಕ್ರಿಯೆಗಳು ಸಾವಿರಾರು ಸಂಪರ್ಕಗಳನ್ನು ನೋಡಿಕೊಂಡು, ಕೆಲಸ ಬಂದ ಕಡೆಗೆ ಮಾತ್ರ ಗಮನ ಕೊಡುವುದು ಇದಕ್ಕೆ ದೊರೆತ ಪರಿಹಾರ. ಯಾವ ಸಂಪರ್ಕ ಸಿದ್ಧವಾಗಿದೆ ಎಂದು ತಿಳಿಸುವ ಹೊಣೆ ಕಾರ್ಯಾಚರಣ ವ್ಯವಸ್ಥೆಯದು. ಫ್ರೀಬಿಎಸ್‌ಡಿ 2000ದಲ್ಲಿ ‘ಕೆಕ್ಯೂ’ ಮೂಲಕ, ಲಿನಕ್ಸ್ 2002ರಲ್ಲಿ ‘ಇಪೋಲ್’ ಮೂಲಕ ಈ ಅನುಕೂಲ ಒದಗಿಸಿದವು.

ಇದನ್ನು ಬಳಸಿಕೊಂಡು ರಷ್ಯಾದ ಇಗೊರ್ ಸಿಸೊಯೆವ್ ರೂಪಿಸಿದ ‘ಎಂಜಿನ್‌ಎಕ್ಸ್’ 2004ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರಿಗೆ ಲಭ್ಯವಾಯಿತು. ಸುಮ್ಮನಿರುವ 10,000 ಸಂಪರ್ಕಗಳನ್ನು ಹಿಡಿದಿಡಲು ಇದಕ್ಕೆ ಸುಮಾರು 2.5 ಮೆಗಾಬೈಟ್ ಮೆಮೊರಿ ಸಾಕೆನ್ನುತ್ತವೆ ಅದರ ಅಧಿಕೃತ ದಾಖಲೆಗಳು. 2009ರಲ್ಲಿ ರಯಾನ್ ಡಾಲ್ ರಚಿಸಿದ ‘ನೋಡ್ ಜೆಎಸ್’ ಕೂಡ ಇದೇ ಹಾದಿ ಹಿಡಿಯಿತು. ಅಪಾಚೆ ಸಹ 2012ರ 2.4ನೇ ಆವೃತ್ತಿಯಲ್ಲಿ ಇಂಥದೇ ವಿಧಾನಕ್ಕೆ ಪೂರ್ಣ ಸ್ಥಾನ ನೀಡಿತು.

ಮಿತಿಯೂ ಉಂಟು

ಒಂದೇ ಪ್ರಕ್ರಿಯೆ ಹಲವರ ಸೇವೆಗೆ ನಿಂತಾಗ, ಒಬ್ಬರ ಭಾರೀ ಲೆಕ್ಕಾಚಾರ ಉಳಿದವರೆಲ್ಲರನ್ನೂ ಕಾಯಿಸುತ್ತದೆ. ದತ್ತಸಂಚಯ ನಿಧಾನವಾಗಿದ್ದರೆ ಸರ್ವರ್ ಬದಲಿಸಿಯೂ ಫಲವಿಲ್ಲ. ಅಲ್ಲಿ ಸೂಚಿಕೆಗಳನ್ನು ಸರಿಪಡಿಸಬೇಕು. ಪದೇ ಪದೇ ಕೇಳುವ ಪುಟಗಳನ್ನು ಸಿದ್ಧಪಡಿಸಿ ಕ್ಯಾಶ್‌ನಲ್ಲಿ ಇರಿಸಬೇಕು.

ಆದ್ದರಿಂದ ವೇಗ ಹೆಚ್ಚಿಸುವ ಮೊದಲ ಹೆಜ್ಜೆ ಖರೀದಿಯಲ್ಲ, ಅಳತೆ. ಸಮಯ ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ಯಂತ್ರ ಕೊಂಡರೆ ಹಣವೂ ಹೋದೀತು, ಫಲಿತಾಂಶಕ್ಕಾಗಿ ಕಾದು ಕುಳಿತ ವಿದ್ಯಾರ್ಥಿಯ ಪುಟವೂ ತೆರೆಯದೆ ಉಳಿದೀತು.