ಮುರಿದ ತಿರುಪು, ಉಳಿದ ಬೈಕು

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಒಂದು ಹೋಬಳಿ ಕೇಂದ್ರ. ಕಾಲುವೆ ನೀರು, ಭತ್ತ, ಕಬ್ಬು, ಆಲೆಮನೆಗಳ ಸೀಮೆ. ಇಂಥ ಊರುಗಳಿಗೆ ಯಂತ್ರವೆಂಬುದು ಹೊಸದಲ್ಲ. ಗಾಣ ತಿರುಗಿಸುವ ಎಂಜಿನ್ನು ಕೆಟ್ಟರೆ, ನೀರೆತ್ತುವ ಪಂಪು ನಿಂತರೆ, ಮೆಕ್ಯಾನಿಕ್ಕು ಬರುವ ತನಕ ಕಾಯದೆ ರೈತನೇ ಸ್ಪ್ಯಾನರ್ ಹಿಡಿದು ಕೂರುವುದು ವಾಡಿಕೆ. ಅದೇ ಧೈರ್ಯದಿಂದ ಮೋಟಾರ್ ಸೈಕಲಿಗೂ ಕೈ ಹಾಕಿದವರುಂಟು.

ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಗೋಣಿತಾಟು ಹಾಸಿ ಎಂಜಿನ್ ಬಿಚ್ಚುವುದು ಕಷ್ಟವೇನಲ್ಲ. ಆದರೆ ಕೊನೆಯ ನಟ್ಟು ಬಿಗಿಯುವಾಗ ಇನ್ನೊಂದು ಸುತ್ತು ಇರಲಿ ಎಂದು ಒತ್ತಿದ ಗಳಿಗೆಯಲ್ಲಿ ಸ್ಪ್ಯಾನರ್ ಏಕಾಏಕಿ ಹಗುರವಾಗುತ್ತದೆ. ಒಳಗೆ ಏನೋ ಮುರಿದಿದೆ, ಇಲ್ಲವೇ ತಿರುಪಿನ ಗೆರೆ ಕಿತ್ತುಬಂದಿದೆ. ಗ್ಯಾರೇಜಿನವರ ಮಾತಿನಲ್ಲಿ 'ಥ್ರೆಡ್ ಹೋಯಿತು'. ಅರಕೆರೆಗೆ ಮೈಸೂರು ದೂರವೇನೂ ಅಲ್ಲ. ಆದರೆ ಓಡಬೇಕಾದ ಗಾಡಿಯೇ ತಾಟಿನ ಮೇಲೆ ಬಿಡಿಬಿಡಿಯಾಗಿ ಮಲಗಿರುವಾಗ ಮೈಸೂರು ದೂರವೇ.

ಮೋಟಾರ್ ಸೈಕಲಿನ ಚರಿತ್ರೆಯನ್ನು ಸಾಮಾನ್ಯವಾಗಿ ಕಾರ್ಖಾನೆ, ಮಾದರಿ, ವೇಗಗಳ ಲೆಕ್ಕದಲ್ಲಿ ಹೇಳುತ್ತಾರೆ. ಅದಕ್ಕೆ ಇನ್ನೊಂದು ಮುಖವೂ ಇದೆ. ಅದು ಮನೆಯಲ್ಲಿ ಕೈತಪ್ಪಿ ಕೆಟ್ಟದ್ದು ಮತ್ತು ಕೆಟ್ಟದ್ದನ್ನು ಮತ್ತೆ ಸರಿಪಡಿಸಿದ ವಿದ್ಯೆಯ ಚರಿತ್ರೆ. ಮೈಸೂರು ಸೀಮೆಯಲ್ಲಿ ಈ ಮುಖವನ್ನು ಕಾಣಲು ಜಾವಾ ಮತ್ತು ಯೆಜ್ಡಿ ಬೈಕುಗಳಿಗಿಂತ ಒಳ್ಳೆಯ ನಿದರ್ಶನ ಬೇರೆ ಸಿಗದು.

ಯಾದವಗಿರಿಯಿಂದ ಬಂದ ಬೈಕು

ಪ್ರಾಗ್ ನಗರದಲ್ಲಿ 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಮೋಟಾರ್ ಸೈಕಲ್ ತಯಾರಿಕೆ ಆರಂಭಿಸಿದ. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ, ತಾನು ಪರವಾನಗಿ ಪಡೆದ ಜರ್ಮನಿಯ ವಾಂಡರರ್ ಕಂಪನಿಯ ಮೊದಲ ಎರಡು ಅಕ್ಷರಗಳನ್ನೂ ಸೇರಿಸಿ 'ಜಾವಾ' ಎಂದು ಹೆಸರಿಟ್ಟ. ಆ ಬೈಕನ್ನು ಭಾರತದಲ್ಲಿ ತಯಾರಿಸಲು ರುಸ್ತುಮ್ ಇರಾನಿ ಮತ್ತು ಫರೂಕ್ ಇರಾನಿ ಅವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಯಾದವಗಿರಿಯ ಕಾರ್ಖಾನೆಯಿಂದ ಮೊದಲು ಜಾವಾ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳು ಹೊರಬಂದವು. 1978ರಲ್ಲಿ ಬಂದ ರೋಡ್‌ಕಿಂಗ್ ಇವುಗಳಲ್ಲಿ ಹೆಚ್ಚು ಹೆಸರಾಯಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರಿಗೂ ಗೇರಿಗೂ ಒಂದೇ ಲಿವರು ಇವು ಈ ಬೈಕುಗಳ ಗುರುತು.

250 ಸಿಸಿಯ ಈ ಎಂಜಿನ್ನು ಎರಡು ಹೊಡೆತದ್ದು, ಅಂದರೆ ಟೂ ಸ್ಟ್ರೋಕ್. ಇದರಲ್ಲಿ ವಾಲ್ವುಗಳಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಚಲಿಸುವ ಭಾಗಗಳು ಕಡಿಮೆ. ಆದ್ದರಿಂದ ಬಿಚ್ಚುವ ಧೈರ್ಯವೂ ಸುಲಭವಾಗಿ ಬರುತ್ತದೆ. ಪೆಟ್ರೋಲಿಗೇ ಬೆರೆಸಿದ ಎಣ್ಣೆ ಎಂಜಿನ್ನಿನೊಳಗೆ ಉರಿದು ಪಿಸ್ಟನ್ನಿನ ತಲೆಯ ಮೇಲೆ, ಹೊಗೆ ಹೋಗುವ ಕಿಂಡಿಯಲ್ಲಿ, ಸೈಲೆನ್ಸರಿನಲ್ಲಿ ಮಸಿಯಾಗಿ ಕೂರುತ್ತದೆ. ಮಸಿ ಕಟ್ಟಿದಷ್ಟೂ ಎಳೆತ ಕುಗ್ಗುತ್ತದೆ. ಹೀಗಾಗಿ ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಹೆಡ್ಡು ಬಿಚ್ಚಿ ಮಸಿ ಕೆರೆಯುವುದು ಅನಿವಾರ್ಯವಾಗಿತ್ತು, ಮತ್ತು ಅದು ಮಾಲೀಕನೇ ಮಾಡಿಕೊಳ್ಳಬಹುದಾದ ಕೆಲಸವೆಂದೇ ಆ ಕಾಲದಲ್ಲಿ ಎಣಿಸಲಾಗುತ್ತಿತ್ತು. ಅನಾಹುತಗಳ ಬೇರು ಇರುವುದು ಇಲ್ಲಿಯೇ. ಮತ್ತೆ ಮತ್ತೆ ಬಿಚ್ಚುವ ಎಂಜಿನ್ನು ಮತ್ತೆ ಮತ್ತೆ ತಪ್ಪಿಗೂ ಅವಕಾಶ ಕೊಡುತ್ತದೆ.

ಮೆತ್ತನೆಯ ಲೋಹ, ಗಟ್ಟಿ ತಿರುಪು

ಈ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು ಸ್ಪಾರ್ಕ್ ಪ್ಲಗ್ಗಿನದು. ಪ್ಲಗ್ಗಿನ ಮೈ ಉಕ್ಕು. ಅದು ಕೂರುವ ಹೆಡ್ಡು ಅಲ್ಯೂಮಿನಿಯಂ. ಪ್ಲಗ್ಗು ವಾರೆಯಾಗಿ ಹತ್ತಿದರೆ ಸೋಲುವುದು ಮೆತ್ತನೆಯ ಲೋಹವೇ. ಎಂಜಿನ್ನು ಬಿಸಿಯಾಗಿರುವಾಗ ಕಿತ್ತರೆ ಗೆರೆಗಳೂ ಜೊತೆಗೆ ಬರುವುದುಂಟು. ಪ್ಲಗ್ಗನ್ನು ಮೊದಲ ಕೆಲವು ಸುತ್ತು ಬೆರಳಿನಲ್ಲೇ ತಿರುಗಿಸಬೇಕು, ಬೆರಳಿಗೆ ಹತ್ತದ್ದನ್ನು ಸ್ಪ್ಯಾನರಿನಿಂದ ಹತ್ತಿಸಬಾರದು ಎಂಬ ಪಾಠವನ್ನು ಪ್ರತಿಯೊಬ್ಬ ಮೆಕ್ಯಾನಿಕ್ಕೂ ತನ್ನ ಹುಡುಗನಿಗೆ ಹೇಳಿಕೊಡುತ್ತಾನೆ.

ಗೆರೆ ಅಲ್ಪಸ್ವಲ್ಪ ಕೆಟ್ಟಿದ್ದರೆ ಅದೇ ಅಳತೆಯ ಟ್ಯಾಪಿಗೆ ಗ್ರೀಸು ಬಳಿದು ನಿಧಾನವಾಗಿ ಇಳಿಸಿದರೆ ಸಾಕು. ಲೋಹದ ಚೂರುಗಳು ಗ್ರೀಸಿಗೆ ಅಂಟಿ ಮೇಲೆ ಬರುತ್ತವೆ. ಪೂರ್ತಿ ಹೋಗಿದ್ದರೆ ಹೆಡ್ಡನ್ನು ಬಿಚ್ಚಿಕೊಂಡು ಲೇತ್ ಅಂಗಡಿಗೆ ಹೋಗಬೇಕು. ಅಲ್ಲಿ ತೂತನ್ನು ದೊಡ್ಡದು ಮಾಡಿ, ಹೊರಗೂ ಒಳಗೂ ಗೆರೆ ಕೊರೆದ ಹಿತ್ತಾಳೆಯ ಬುಷ್ ಒಂದನ್ನು ಕೂರಿಸುತ್ತಾರೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕಬ್ಬಿನ ನಾಡಾಗಿ ಬೆಳೆದ ಈ ಸೀಮೆಯಲ್ಲಿ ಬುಷ್ ಎಂಬುದು ಅಪರಿಚಿತ ಪದವಲ್ಲ. ಸವೆದ ಗಾಣಕ್ಕೆ, ಪಂಪಿಗೆ ಮಾಡುವ ಚಿಕಿತ್ಸೆಯೇ ಇಲ್ಲಿ ಪ್ಲಗ್ಗಿನ ತೂತಿಗೂ ಒದಗಿತು. ಉಕ್ಕಿನ ತಂತಿಯನ್ನು ಸುರುಳಿ ಸುತ್ತಿ ಗೆರೆಯ ಜಾಗದಲ್ಲಿ ಕೂರಿಸುವ ಹೆಲಿಕಾಯಿಲ್ ಎಂಬ ಇನ್ನೊಂದು ಉಪಾಯವುಂಟು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಅಲ್ಯೂಮಿನಿಯಂ ಭಾಗಗಳಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂತು. ಹೀಗೆ ದುರಸ್ತಿಯಾದ ತೂತು ಮೊದಲಿಗಿಂತ ಗಟ್ಟಿ ಎಂಬುದು ವಿಚಿತ್ರವಾದರೂ ನಿಜ. ಪ್ಲಗ್ಗು ಈಗ ಹಿಡಿಯುವುದು ಅಲ್ಯೂಮಿನಿಯಂ ಗೆರೆಯನ್ನಲ್ಲ.

ಎರಡನೆಯದು ಮುರಿದ ಸ್ಟಡ್ಡು. ತುಕ್ಕು ಹಿಡಿದ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ತಲೆ ಕೈಗೆ ಬರುತ್ತದೆ, ಬುಡ ಒಳಗೇ ಉಳಿಯುತ್ತದೆ. ಇಲ್ಲಿ ಶಾಖವೇ ಗೆಳೆಯ. ಬಿಸಿ ಮಾಡಿದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಿಡಿತ ತಾನೇ ಸಡಿಲವಾಗುತ್ತದೆ. ಬುಡದ ಮೇಲೆ ಒಂದು ನಟ್ಟನ್ನಿಟ್ಟು ವೆಲ್ಡಿಂಗ್ ಮಾಡಿದರೆ ಶಾಖವೂ ಸಿಕ್ಕಿತು, ಹಿಡಿದು ತಿರುಗಿಸಲು ಜಾಗವೂ ಆಯಿತು. ಅದೂ ಆಗದಿದ್ದರೆ ಬುಡದ ನಟ್ಟನಡುವೆ ತೂತು ಕೊರೆದು, ಎಡಕ್ಕೆ ತಿರುಗಿಸಿದಷ್ಟೂ ಕಚ್ಚುವ ಕೀಳುಗೋಲನ್ನು ಇಳಿಸಬೇಕು.

ಅವಸರದಲ್ಲಿ ಆ ಕೀಳುಗೋಲೇ ಒಳಗೆ ಮುರಿದರೆ ಕಷ್ಟ ಇಮ್ಮಡಿಯಾಗುತ್ತದೆ. ಅದು ಎಷ್ಟು ಗಟ್ಟಿಯೆಂದರೆ ಸಾಮಾನ್ಯ ಡ್ರಿಲ್ಲು ಅದನ್ನು ಮುಟ್ಟಲಾರದು. ಆಗ ಉಳಿಯುವ ದಾರಿಗಳಲ್ಲಿ ಮುಖ್ಯವಾದದ್ದು ವಿದ್ಯುತ್ ಕಿಡಿಯಿಂದ ಲೋಹವನ್ನು ಕಣಕಣವಾಗಿ ಕೊರೆಯುವ ಯಂತ್ರ. ಈ ವಿಧಾನದ ಹುಟ್ಟು ಸ್ವಾರಸ್ಯಕರವಾದದ್ದು. ಸೋವಿಯತ್ ರಷ್ಯಾದ ವಿಜ್ಞಾನಿ ದಂಪತಿ ಬೋರಿಸ್ ಮತ್ತು ನತಾಲಿಯಾ ಲಜರೆಂಕೊ ಎರಡನೇ ಮಹಾಯುದ್ಧದ ಸಮಯದಲ್ಲಿ, ಕಿಡಿ ಹಾರಿ ಹಾರಿ ವಿದ್ಯುತ್ ಪಾಯಿಂಟುಗಳು ಸವೆಯುವುದನ್ನು ತಡೆಯುವುದು ಹೇಗೆಂದು ಪರಿಶೀಲಿಸುತ್ತಿದ್ದರು. ಸವೆತವನ್ನು ನಿಲ್ಲಿಸಲಾಗದೆ ಹೋದಾಗ, ಸವೆಸುವ ಕಿಡಿಯನ್ನೇ ಉಳಿಯಾಗಿ ಬಳಸುವ ಯೋಚನೆ ಅವರಿಗೆ 1943ರಲ್ಲಿ ಹೊಳೆಯಿತು. ಹಳೆಯ ಜಾವಾ ಸವಾರನಿಗೆ ಪಾಯಿಂಟು ತಿಕ್ಕಿಸಿದ ಕಿಡಿ, ಮುರಿದ ತಿರುಪನ್ನು ಕೀಳುವ ಯಂತ್ರಕ್ಕೂ ದಾರಿ ತೋರಿತು.

ಒಳಗೆ ಬಿದ್ದದ್ದು, ಒಳಗೆ ಮುರಿದದ್ದು

ಪಿಸ್ಟನ್ನಿನ ಪಿನ್ನನ್ನು ಎರಡು ಕಡೆ ಹಿಡಿದಿಡುವ ಸಣ್ಣ ಕ್ಲಿಪ್ಪುಗಳಿಗೆ ನೆಗೆಯುವ ಸ್ವಭಾವ. ಇಕ್ಕಳದಿಂದ ಜಾರಿದರೆ ಅದು ಸೇರುವುದು ಕೆಳಗಿರುವ ಕ್ರ್ಯಾಂಕ್ ಕೇಸನ್ನೇ. ಆಗ ಕಿಕ್ಕರ್ ಮುಟ್ಟಬಾರದು. ಕ್ರ್ಯಾಂಕು ತಿರುಗಿದರೆ ಕ್ಲಿಪ್ಪು ಎಲ್ಲಿ ಸಿಕ್ಕಿಕೊಳ್ಳುವುದೋ ಹೇಳಲಾಗದು. ದಾರಕ್ಕೆ ಅಯಸ್ಕಾಂತ ಕಟ್ಟಿ ಇಳಿಬಿಡುವುದು ಮೊದಲ ಪ್ರಯತ್ನ. ಫಲಿಸದಿದ್ದರೆ ಎಂಜಿನ್ನನ್ನು ಚೌಕಟ್ಟಿನಿಂದ ಇಳಿಸಿ ಬೋರಲು ಹಾಕಬೇಕು. ಅಷ್ಟೆಲ್ಲ ಪಾಡಿನ ಬದಲು, ಕ್ಲಿಪ್ಪಿಗೆ ಕೈ ಹಾಕುವ ಮುನ್ನ ಕ್ರ್ಯಾಂಕ್ ಕೇಸಿನ ಬಾಯಿಗೆ ಹಳೆಯ ಪಂಚೆಯ ಚೂರೊಂದನ್ನು ತುರುಕಿದ್ದರೆ ಸಾಕಿತ್ತು.

ಪಿಸ್ಟನ್ ರಿಂಗಿನ ಕಥೆ ಬೇರೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ರಿಂಗಿನ ತುದಿಗಳು ತಿರುಗಿ ಕಿಂಡಿಗೆ ಸಿಕ್ಕಬಾರದೆಂದು ಪಿಸ್ಟನ್ನಿನ ತೋಡಿನಲ್ಲಿ ಸಣ್ಣ ಗೂಟವೊಂದಿರುತ್ತದೆ. ರಿಂಗಿನ ಬಾಯಿ ಆ ಗೂಟದ ಮೇಲೆಯೇ ಕೂರಬೇಕು. ನೋಡದೆ ಸಿಲಿಂಡರನ್ನು ಒತ್ತಿದರೆ ರಿಂಗು ಬಳೆಯಂತೆ ಮುರಿಯುತ್ತದೆ. ಇದಕ್ಕೆ ಹೊಸ ರಿಂಗು ತರುವುದೊಂದೇ ಮದ್ದು. ಮುರಿದ ಚೂರುಗಳನ್ನು ನೆಲದ ಮೇಲೆ ಜೋಡಿಸಿ ವೃತ್ತ ಪೂರ್ತಿಯಾಯಿತೇ ಎಂದು ನೋಡದೆ ಎಂಜಿನ್ನು ಮುಚ್ಚುವಂತಿಲ್ಲ.

ಮಸಿ ಬಿಡಿಸಲು ಕಾಸ್ಟಿಕ್ ಸೋಡಾ ಬಳಸುವುದು ಹಳೆಯ ರೂಢಿ. ಉಕ್ಕಿನ ಸೈಲೆನ್ಸರಿಗೆ ಅದು ಒಗ್ಗುತ್ತದೆ. ಅದೇ ನೀರಿನಲ್ಲಿ ಪಿಸ್ಟನ್ನನ್ನೋ ಹೆಡ್ಡನ್ನೋ ನೆನೆಹಾಕಿದವನು ಕೆಟ್ಟ. ಅಲ್ಯೂಮಿನಿಯಂ ಅದರಲ್ಲಿ ನೊರೆಗರೆಯುತ್ತ ಕರಗಿಹೋಗುತ್ತದೆ. ಆದರೆ ಇದೇ ವಿಷ ಇನ್ನೊಂದು ಅನಾಹುತಕ್ಕೆ ಮದ್ದು. ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಮರೆತರೆ ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಅಂದರೆ 'ಸೀಜ್' ಆಗುತ್ತದೆ. ಬಿಚ್ಚಿ ನೋಡಿದರೆ ಬೀಡು ಕಬ್ಬಿಣದ ಗೋಡೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಿಕೊಂಡಿರುತ್ತದೆ. ಕಾಸ್ಟಿಕ್ ಸೋಡಾ ಅದನ್ನು ಮಾತ್ರ ಕರಗಿಸಿ ಕಬ್ಬಿಣವನ್ನು ಉಳಿಸುತ್ತದೆ. ಗೋಡೆಗೆ ಆಳವಾದ ಗೀರು ಬಿದ್ದಿಲ್ಲದಿದ್ದರೆ ನಯಮಾಡಿ ಮತ್ತೆ ಬಳಸಬಹುದು. ಕಣ್ಣಿಗೂ ಚರ್ಮಕ್ಕೂ ಅಪಾಯಕಾರಿಯಾದ ಈ ಕೆಲಸಕ್ಕೆ ಕೈಗವಸು, ಕನ್ನಡಕ ಇರಲೇಬೇಕು.

ಗೀರು ಬಿದ್ದಿದ್ದರೆ ರೀಬೋರ್ ಮಾಡಿಸಿ, ಒಂದು ಅಳತೆ ದೊಡ್ಡದಾದ ಪಿಸ್ಟನ್ನು ಹಾಕಬೇಕು. ಆದರೆ ಪ್ರತಿ ಸಲ ಕೊರೆದಾಗಲೂ ಗೋಡೆ ತೆಳುವಾಗುತ್ತದೆ. ಒಂದು ಸಿಲಿಂಡರಿಗೆ ಇಂತಿಷ್ಟೇ ರೀಬೋರು. ಅಂದರೆ ಅದಕ್ಕೆ ಇಂತಿಷ್ಟೇ ಕ್ಷಮೆ.

ಕಾರ್ಖಾನೆ ಮುಚ್ಚಿದ ಮೇಲೆ

1980ರ ದಶಕದ ನಡುವೆ ಜಪಾನಿ ಕಂಪನಿಗಳ ಸಹಯೋಗದ ಹಗುರ ಬೈಕುಗಳು ಭಾರತಕ್ಕೆ ಬಂದವು. ಅವುಗಳಲ್ಲಿ 1985ರ ಹೀರೋ ಹೋಂಡಾ ಸಿಡಿ 100 ನಾಲ್ಕು ಹೊಡೆತದ್ದು. ಅದರಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಿಲ್ಲ, ಆಗಾಗ ಮಸಿ ಕೆರೆಯಬೇಕಿಲ್ಲ. ಪೆಟ್ರೋಲು ಹಾಕಿ ಮರೆತುಬಿಡಿ ಎಂಬ ಅರ್ಥದ ಜಾಹೀರಾತು ಮನೆಮಾತಾಯಿತು. 1991ರಿಂದ ಬಂದ ಹೊಗೆ ನಿಯಮಗಳು 1996ರಲ್ಲಿ ಬಿಗಿಯಾದವು. ಐಡಿಯಲ್ ಜಾವಾದಲ್ಲಿ ತಯಾರಿಕೆ ನಿಂತದ್ದೂ 1996ರಲ್ಲೇ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಕಂಪನಿಯ ಮೂಲಕ ಮರಳಿದವಾದರೂ ಆ ಬೈಕುಗಳು ನಾಲ್ಕು ಹೊಡೆತದವು. ಅವುಗಳ ಎಂಜಿನ್ ಭಾಗಗಳು ಹಳೆಯವಕ್ಕೆ ಹೊಂದುವುದಿಲ್ಲ.

ಕಾರ್ಖಾನೆ ನಡೆಯುತ್ತಿದ್ದಾಗ ಕೈತಪ್ಪಿದ್ದಕ್ಕೆ ಹೊಸ ಭಾಗವೇ ಉತ್ತರವಾಗಬಹುದಿತ್ತು. ಮುಚ್ಚಿದ ಮೇಲೆ ಆ ಲೆಕ್ಕ ಬದಲಾಯಿತು. ಮೈಸೂರಿನಲ್ಲಿ ಎರಕ ಹೊಯ್ದ ಒಂದು ಹೆಡ್ಡು, ಒಂದು ಸಿಲಿಂಡರು ಇನ್ನು ಮುಂದೆ ಅಲ್ಲಿಂದ ಬರುವುದಿಲ್ಲ. ಗೆರೆ ಹೋದ ತೂತಿಗೆ ಬುಷ್ ಕೂರಿಸುವುದು ಉಳಿತಾಯದ ಮಾತಾಗಿ ಉಳಿಯಲಿಲ್ಲ. ಆ ಬೈಕು ಇರುತ್ತದೆಯೇ ಇಲ್ಲವೇ ಎಂಬ ಪ್ರಶ್ನೆಯಾಯಿತು. ಇಂದಿಗೂ ಜುಲೈ ತಿಂಗಳ ಜಾವಾ ದಿನದಂದು ಕರ್ನಾಟಕದ ರಸ್ತೆಗಳಿಗಿಳಿಯುವ ಹಳೆಯ ಬೈಕುಗಳ ಒಳಗೆ ಇಂಥ ಎಷ್ಟೋ ಬುಷ್‌ಗಳು, ಬದಲಾದ ಸ್ಟಡ್ಡುಗಳು ಅಡಗಿವೆ. ಅವನ್ನು ಕೂರಿಸಿದ ಲೇತ್ ಕೆಲಸಗಾರರ ಹೆಸರು ಯಾವ ಮಾದರಿ ಪಟ್ಟಿಯಲ್ಲೂ ಇಲ್ಲ. ಆ ಕೈಗಳಿಗೆ ವಯಸ್ಸಾಗುತ್ತಿದೆ. ಕೆಟ್ಟ ಭಾಗವನ್ನು ಬಿಸಾಡಿ ಹೊಸದನ್ನು ಹಾಕುವುದೇ ದುರಸ್ತಿ ಎನಿಸಿಕೊಂಡ ಕಾಲದಲ್ಲಿ ಅವರ ವಿದ್ಯೆ ಕಲಿಯುವವರು ವಿರಳ.

ಆ ವಿದ್ಯೆಯ ಮೊದಲ ಪಾಠ ಬಹಳ ಸರಳವಾದದ್ದು. ಏನೋ ಮುರಿದ ಸದ್ದು ಕೇಳಿದೊಡನೆ ಕೈ ನಿಲ್ಲಿಸಬೇಕು. ಮೊದಲ ತಪ್ಪಿಗೆ ಹೆಚ್ಚುಪಾಲು ಪರಿಹಾರವಿದೆ. ಸಿಟ್ಟಿನಲ್ಲಿ ಮಾಡುವ ಎರಡನೆಯ ತಪ್ಪಿಗೆ ಇರುವುದು ಅಪರೂಪ. ಎರಡನೆಯ ಪಾಠಕ್ಕೆ ಬೇಕಾದದ್ದು ಪ್ರತಿ ಮನೆಯಲ್ಲೂ ಇರುವ ಹಳೆಯ ದಿನಪತ್ರಿಕೆಯ ಹಾಳೆ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಅದರ ಮೇಲೆ ಸಾಲಾಗಿ ಇಟ್ಟರೆ, ಸಂಜೆ ಕೂಡಿಸುವಾಗ ಕೊನೆಯದೇ ಮೊದಲನೆಯದಾಗುತ್ತದೆ. ಎಲ್ಲ ಮುಗಿದ ಮೇಲೂ ಹಾಳೆಯ ಮೇಲೆ ಒಂದು ವಾಷರ್ ಉಳಿದಿದ್ದರೆ ಕಿಕ್ಕರ್ ತುಳಿಯುವ ಮುನ್ನ ಮತ್ತೊಮ್ಮೆ ಬಿಚ್ಚುವುದೇ ಒಳ್ಳೆಯದು.