ಜತ್ತ ತಾಲೂಕಿನಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ ರಕ್ಷಣಾ ಆದೇಶ

ಹಿಂಸೆಗೆ ಒಳಗಾದ ಹೆಣ್ಣುಮಗಳ ಹತ್ತಿರ ಸುಳಿಯಬಾರದು, ಅವಳು ದುಡಿಯುವ ಜಾಗಕ್ಕೆ ಹೋಗಬಾರದು, ಫೋನಿನಲ್ಲೂ ಕಾಡಬಾರದು, ಅವಳ ಸ್ತ್ರೀಧನ ಮಾರಬಾರದು ಎಂದು ಮ್ಯಾಜಿಸ್ಟ್ರೇಟರು ಹಿಂಸೆ ಕೊಟ್ಟವರಿಗೆ ಹಾಕುವ ಕಟ್ಟಳೆಯೇ ರಕ್ಷಣಾ ಆದೇಶ. ಜನರ ಬಾಯಲ್ಲಿ ಇದು ತಡೆಯಾಜ್ಞೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 18ನೇ ಕಲಂ ಇದಕ್ಕೆ ಆಧಾರ. ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಜತ್ತ ತಾಲೂಕಿಗೆ ಈ ಆದೇಶ ಹೇಗೆ ಒದಗುತ್ತದೆಂದು ಬೇರೆಯಾಗಿಯೇ ನೋಡಬೇಕು. 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿದ್ದ ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಬೀಗತನ ಕರ್ನಾಟಕದ ಅಥಣಿ, ಇಂಡಿ, ವಿಜಯಪುರಗಳ ಕಡೆಗೂ ಹಬ್ಬಿದೆ. ಹಾಗಾಗಿ ಮನೆಯೊಳಗಿನ ಜಗಳವೂ ಎರಡು ರಾಜ್ಯಗಳ ನಡುವಿನ ಸಂಗತಿಯಾಗಿಬಿಡಬಹುದು. ಗಡಿಯೇ ದೊಡ್ಡ ತೊಡಕೆಂದು ಮೇಲುನೋಟಕ್ಕೆ ಅನಿಸುತ್ತದೆ. ಕಾಯ್ದೆಯನ್ನು ಕಲಮಿಗೆ ಕಲಮು ಓದಿದರೆ ತೊಡಕು ಬೇರೆಡೆ ಕಾಣುತ್ತದೆ: ದೂರನ್ನು ಯಾರ ಮಾತಿನಲ್ಲಿ ಬರೆಯಲಾಯಿತು, ಆದೇಶದ ಪ್ರತಿ ಯಾವ ಠಾಣೆಗೆ ಮುಟ್ಟಿತು ಎಂಬಲ್ಲಿ.

ಗಡಿಯ ಪ್ರಶ್ನೆಯನ್ನು 27ನೇ ಕಲಂ ಬಗೆಹರಿಸಿಟ್ಟಿದೆ. ಹೆಣ್ಣುಮಗಳು ಕಾಯಂ ಆಗಿ ಅಥವಾ ತಾತ್ಪೂರ್ತಿಕವಾಗಿ ಇರುವ ಊರು, ಅವಳು ಕೆಲಸ ಮಾಡುವ ಊರು, ಎದುರುದಾರ ಇರುವ ಊರು, ಹಿಂಸೆ ನಡೆದ ಊರು, ಇವುಗಳಲ್ಲಿ ಯಾವುದರ ಕೋರ್ಟಿನಲ್ಲಾದರೂ ಅರ್ಜಿ ನಡೆಯುತ್ತದೆ; ಹೊರಟ ಆದೇಶ ಇಡೀ ದೇಶದಲ್ಲಿ ಜಾರಿಯಾಗುತ್ತದೆ. ಇಂಡಿ ತಾಲೂಕಿನ ಗಂಡನ ಮನೆಯಿಂದ ಜತ್ತ ತಾಲೂಕಿನ ಉಮದಿಯ ತವರಿಗೆ ಬಂದವಳು ಇಂಡಿಗೆ ಅಲೆಯಬೇಕಿಲ್ಲ, ಜತ್ತದ ಕೋರ್ಟೇ ಸಾಕು. ‘ತಾತ್ಪೂರ್ತಿಕವಾಗಿ’ ಎಂಬ ಒಂದು ಮಾತಿನ ಬೆಲೆ ತಿಳಿಯಬೇಕಾದರೆ ಕಬ್ಬಿನ ಹಂಗಾಮನ್ನು ನೆನೆಯಬೇಕು. ಬರದ ಈ ತಾಲೂಕಿನಿಂದ ಕಬ್ಬು ಕಡಿಯಲು ಗುಳೆ ಹೋಗುವ ಗ್ಯಾಂಗುಗಳಲ್ಲಿ ಗಂಡ ಹೆಂಡಿರನ್ನು ಕೂಡಿಸಿ ಒಂದೇ ‘ಕೊಯ್ತಾ’ ಎಂದು ಎಣಿಸುವ ರೂಢಿಯಿದೆ. ಕೂಲಿ ಗುತ್ತಿಗೆದಾರನಾದ ಮುಕಾದಮನಿಂದ ಮುಂಗಡ ಎತ್ತುವವನು ಗಂಡ. ಹೆಂಡತಿಯ ದುಡಿಮೆ ಲೆಕ್ಕದಲ್ಲಿ ಎಲ್ಲಿಯೂ ಬೇರೆಯಾಗಿ ಕಾಣುವುದಿಲ್ಲ. ಕೂಲಿ ಕಸಿದುಕೊಳ್ಳುವುದನ್ನು ಕಾಯ್ದೆಯ 3ನೇ ಕಲಂ ಆರ್ಥಿಕ ಹಿಂಸೆಯ ಲೆಕ್ಕಕ್ಕೆ ತರುತ್ತದೆ, ಕಾರ್ಖಾನೆಯ ಬಯಲಲ್ಲಿ ಹಾಕಿದ ಗುಡಿಸಲನ್ನು 27ನೇ ಕಲಂ ಅವಳ ವಾಸಸ್ಥಳವೆಂದು ಒಪ್ಪುತ್ತದೆ. ಓಡಾಡುವ ಬಡವರನ್ನು ಗಮನದಲ್ಲಿಟ್ಟು ಬರೆದ ಕಲಮುಗಳು ನಮ್ಮ ಕಾಯ್ದೆಗಳಲ್ಲಿ ಕಡಿಮೆ. ಇದು ಅಂಥ ಒಂದು.

ಅರ್ಜಿಯ ದಾರಿ ಉದ್ದವೇನಲ್ಲ. ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿ ನಮೂನೆ 1ರಲ್ಲಿ ಕೌಟುಂಬಿಕ ಘಟನಾ ವರದಿ ಬರೆದುಕೊಳ್ಳುತ್ತಾರೆ. 12ನೇ ಕಲಮಿನ ಅರ್ಜಿ ನಮೂನೆ 2ರಲ್ಲಿ ಹೋಗುತ್ತದೆ. ಅಧಿಕಾರಿಯ ವರದಿ ಇಲ್ಲದೆಯೂ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದೆಂದು ಸುಪ್ರೀಂ ಕೋರ್ಟು 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಹೇಳಿದೆ. ಆದರೂ ವರದಿಯ ತೂಕ ಕಡಿಮೆಯಾಗಿಲ್ಲ. ನಮೂನೆ 1 ಕೇಳುವ ಸಂಗತಿಗಳನ್ನು ನೋಡಿ: ಕಪಾಳಕ್ಕೆ ಹೊಡೆದದ್ದು, ಗಂಡುಮಗು ಹೆರಲಿಲ್ಲವೆಂದು ಹಂಗಿಸಿದ್ದು, ಔಷಧಕ್ಕೆ ದುಡ್ಡು ಕೊಡದಿದ್ದದ್ದು, ಮನೆಯ ಒಂದು ಭಾಗಕ್ಕೆ ಕಾಲಿಡಗೊಡದಿದ್ದದ್ದು. ಇವೆಲ್ಲ ಮನೆಮಾತಿನಲ್ಲಿ ಮಾತ್ರ ಸರಿಯಾಗಿ ಹೇಳಲಾಗುವ ವಿಷಯಗಳು. ಯಾವ ಅಮಾವಾಸ್ಯೆಯ ಮರುದಿನ, ಯಾವುದರಿಂದ ಹೊಡೆದ, ಬಾಗಿಲಲ್ಲಿ ಯಾರು ನಿಂತಿದ್ದರು ಎಂದು ಅವಳು ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ; ಬರೆದುಕೊಳ್ಳುವವರು ಮರಾಠಿಯಲ್ಲಿ ‘ಸತತ ತ್ರಾಸ ಕೊಟ್ಟರು’ ಎಂದು ಒಂದು ಸಾಲಿಗೆ ಇಳಿಸಿಬಿಟ್ಟರೆ ನ್ಯಾಯಾಧೀಶರ ಕೈಗೆ ಸಿಗುವುದು ಸಾಕ್ಷ್ಯದ ಸಿಪ್ಪೆ. ಮಹಾರಾಷ್ಟ್ರದ ಕೆಳ ಕೋರ್ಟುಗಳ ಭಾಷೆ ಮರಾಠಿಯಾಗಿರುವಾಗ ಕನ್ನಡಕ್ಕೆ ಜಾಗವೆಲ್ಲಿ ಎಂದು ಕೇಳಬಹುದು. ಜಾಗ ಕಾನೂನಿನಲ್ಲೇ ಇದೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಸಾಕ್ಷಿಗೆ ತಿಳಿಯದ ಭಾಷೆಯಲ್ಲಿ ಹೇಳಿಕೆ ದಾಖಲಾದರೆ ಅದನ್ನು ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕೆಂಬುದು ದಂಡ ಪ್ರಕ್ರಿಯೆಯ ಹಳೆಯ ನಿಯಮ. ಆದ್ದರಿಂದ ವರದಿಯನ್ನು ಮೊದಲು ಅವಳ ಕನ್ನಡದಲ್ಲೇ ಬರೆದು, ಮರಾಠಿ ಅನುವಾದವನ್ನು ಅದಕ್ಕೆ ಲಗತ್ತಿಸಿದರೆ ನಿಯಮವೇನೂ ಮುರಿಯುವುದಿಲ್ಲ.

ಎರಡನೆಯ ಸಡಿಲು ಪ್ರತಿಯದ್ದು. 24ನೇ ಕಲಮಿನಂತೆ ಆದೇಶದ ಉಚಿತ ಪ್ರತಿ ಹೋಗುವುದು ಇಬ್ಬರು ಪಕ್ಷದವರಿಗೆ, ಆ ಭಾಗದ ಸೇವಾ ಸಂಸ್ಥೆಗೆ ಮತ್ತು ಅರ್ಜಿ ಹಾಕಿದ ಕೋರ್ಟಿನ ಸರಹದ್ದಿನ ಠಾಣೆಗೆ. ಗಂಡ ಉಮದಿಗೆ ಬಂದು ಗಲಾಟೆ ಮಾಡಿದರೆ ಅಲ್ಲಿಯ ಪೊಲೀಸರ ಬಳಿ ಕಾಗದವಿರುತ್ತದೆ. ಅದೇ ಹೆಂಗಸು 19ನೇ ಕಲಮಿನ ವಾಸದ ಆದೇಶ ಹಿಡಿದು ಅಥಣಿ ಕಡೆಯ ಗಂಡನ ಮನೆಗೆ ಮರಳಿದರೆ ಅಲ್ಲಿಯ ಠಾಣೆಗೆ ಏನೂ ಗೊತ್ತಿರುವುದಿಲ್ಲ. ಗೊತ್ತಾದರೂ ಕೈಯಲ್ಲಿರುವುದು ಮರಾಠಿ ಕಾಗದ. ಇದಕ್ಕೆ ಮದ್ದು ಅರ್ಜಿಯಲ್ಲೇ ಇದೆ. ಜಾರಿಗೆ ನೆರವಾಗಬೇಕೆಂದು ಠಾಣಾಧಿಕಾರಿಗೆ ನಿರ್ದೇಶನ ಕೊಡುವ ಅಧಿಕಾರ 19ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಉಂಟು. ಗಡಿಯಾಚೆಯ ಠಾಣೆಯ ಹೆಸರನ್ನು ಬೇಡಿಕೆಯ ಭಾಗದಲ್ಲಿ ಬರೆಯಬೇಕು, ದೃಢೀಕರಿಸಿದ ಕನ್ನಡ ಅನುವಾದವನ್ನೂ ಕೇಳಬೇಕು.

ಒಂದೇ ಕಡೆಯ ಮಾತು ಕೇಳಿ ಕೊಡುವ ಆದೇಶ ದುರುಪಯೋಗಕ್ಕೆ ದಾರಿ ಎಂಬ ಆಕ್ಷೇಪ ಹಳೆಯದು. ನಮೂನೆ 3ರ ಪ್ರಮಾಣಪತ್ರದ ಮೇಲೆ 23ನೇ ಕಲಮಿನಡಿ ಹೊರಡುವ ಮಧ್ಯಂತರ ಆದೇಶ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಹೊಡೆಯಬೇಡ, ಕಾಡಬೇಡ ಎನ್ನುತ್ತದೆ. ಹೊಡೆಯದವನಿಗೆ ಅದರಿಂದ ಆಗುವ ನಷ್ಟವೇನು? ಮನೆ ಬಿಡಿಸುವ ಆದೇಶದ ಮಾತು ಬೇರೆ, ಅಲ್ಲಿ ಆಕ್ಷೇಪಕ್ಕೆ ತಕ್ಕಮಟ್ಟಿಗೆ ಹುರುಳಿದೆ. ಅದಕ್ಕಾಗಿಯೇ ಪರಿಸ್ಥಿತಿ ಬದಲಾದರೆ ಆದೇಶ ಮಾರ್ಪಡಿಸಲು 25ನೇ ಕಲಂ, 30 ದಿನಗಳಲ್ಲಿ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಮಾಡಲು 29ನೇ ಕಲಂ ಇವೆ. ಶಿಕ್ಷೆ ಬರುವುದು ರಕ್ಷಣಾ ಆದೇಶ ಮುರಿದಾಗ: ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹಿರಿಯರು ಕೂತು ಬಗೆಹರಿಸುವುದನ್ನು ಕೋರ್ಟಿಗೇಕೆ ಒಯ್ಯಬೇಕು ಎಂಬ ಇನ್ನೊಂದು ಮಾತಿಗೆ ಈ ಭಾಗದಲ್ಲಿ ಬಲ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟ ಮದುವೆಗಳಲ್ಲಿ ಅಳಿಯನ ಮೇಲಿನ ದೂರು ತಾಯಿಯ ತಮ್ಮನ ಮೇಲೋ ತಂದೆಯ ತಂಗಿಯ ಮನೆಯ ಮೇಲೋ ಕೊಟ್ಟ ದೂರಾಗುತ್ತದೆ, ತವರೇ ಹಿಂಜರಿಯುತ್ತದೆ. ರಾಜಿಯ ಬಾಗಿಲನ್ನು ಕಾಯ್ದೆ ಮುಚ್ಚಿಲ್ಲ, 14ನೇ ಕಲಂ ಆಪ್ತ ಸಮಾಲೋಚನೆಗೇ ಮೀಸಲಾಗಿದೆ. ಆದರೆ ಪಂಚರ ಮುಂದೆ ಕೊಟ್ಟ ಮಾತು ಮುರಿದರೆ ಹಿಡಿದುಕೇಳುವವರಿಲ್ಲ, ಆದೇಶ ಮುರಿದರೆ ವಾರಂಟಿಲ್ಲದೆ ಬಂಧಿಸಬಹುದು. ತವರು ಸುಮ್ಮನಿದ್ದರೂ 4ನೇ ಕಲಮಿನಂತೆ ನೆರೆಯವರು, ಶಾಲೆಯ ಶಿಕ್ಷಕಿ, ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು; ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ.

ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಅರ್ಜಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಅದನ್ನು ನಂಬಿ ಕೂರುವುದು ಜಾಣತನವಲ್ಲ. ಮಧ್ಯಂತರ ಆದೇಶವನ್ನು ಅರ್ಜಿಯ ಜೊತೆಗೇ ಕೇಳಬೇಕು. ವಕೀಲರ ಖರ್ಚಿನ ಚಿಂತೆಗೆ ಕಾರಣವಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಯಾವುದೇ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಸರ್ಕಾರಿ ಖರ್ಚಿನಲ್ಲಿ ವಕೀಲರ ನೆರವು ಸಿಗುತ್ತದೆ.