ಕೋಳಿಯ ಜೀವಕೋಶ ಮತ್ತು ಪರಕೀಯ ಡಿಎನ್‌ಎ: ಪಲ್ಲಡಂ ಮಾಂಸಕೋಳಿ ಸಾಕಣೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಮೊದಲು ಕೊಯಮತ್ತೂರು ಜಿಲ್ಲೆಯಲ್ಲಿದ್ದು 2009ರಲ್ಲಿ ತಿರುಪ್ಪೂರು ಜಿಲ್ಲೆಗೆ ಸೇರಿದ ಪಲ್ಲಡಂ, ಗುತ್ತಿಗೆ ಪದ್ಧತಿಯ ಮಾಂಸಕೋಳಿ ಸಾಕಣೆಗೆ ಹೆಸರಾದ ಪ್ರದೇಶ. ಅಲ್ಲಿನ ಶೆಡ್ಡುಗಳಲ್ಲಿ ಒಂದೇ ವಯಸ್ಸಿನ ಸಾವಿರಾರು ಮರಿಗಳು ಒತ್ತಾಗಿ ಬೆಳೆದು ಸುಮಾರು ಆರು ವಾರಗಳೊಳಗೆ ಮಾರುಕಟ್ಟೆ ಸೇರುವುದರಿಂದ, ನಿಧಾನವಾಗಿ ರೂಪುಗೊಳ್ಳುವ ಪ್ರತಿಕಾಯಗಳಿಗಿಂತ ಮೊದಲೇ ಎಚ್ಚೆತ್ತುಕೊಳ್ಳುವ ಸಹಜ ರೋಗನಿರೋಧಕ್ಕೆ ಇಲ್ಲಿ ವಿಶೇಷ ಮಹತ್ವವಿದೆ. ಕೊಕ್ಕರೆ ರೋಗ, ಗಂಬೊರೊ ರೋಗಗಳ ವೈರಾಣುಗಳು ಆರ್‌ಎನ್‌ಎ ಹೊತ್ತವು. ಕೋಳಿ ಸಿಡುಬು ಮತ್ತು ಮಾರೆಕ್ಸ್ ರೋಗದ ವೈರಾಣುಗಳಲ್ಲಿರುವುದು ಕೋಳಿಯ ವಂಶವಾಹಿಗಳಂತೆಯೇ ಎರಡೆಳೆಯ ಡಿಎನ್‌ಎ. ರಾಸಾಯನಿಕವಾಗಿ ತನ್ನದರಂತೆಯೇ ಇರುವ ಅಣುವನ್ನು ಕೋಶವು ಪರಕೀಯವೆಂದು ಗುರುತಿಸುವುದು ಹೇಗೆ ಎಂಬುದೇ ಮುಖ್ಯ ಪ್ರಶ್ನೆ.

ಉತ್ತರದ ಬಹುಭಾಗ ಡಿಎನ್‌ಎ ಕಂಡುಬರುವ ಜಾಗದಲ್ಲಿದೆ. ಕೋಶದ ಸ್ವಂತ ಡಿಎನ್‌ಎ ಕೋಶಕೇಂದ್ರದಲ್ಲಿಯೂ ಮೈಟೊಕಾಂಡ್ರಿಯದಲ್ಲಿಯೂ ಇರಬೇಕೇ ಹೊರತು ಕೋಶದ್ರವದಲ್ಲಿ ತೆರೆದುಕೊಂಡಿರಬಾರದು. ಅಲ್ಲಿ ಎರಡೆಳೆಯ ಡಿಎನ್‌ಎ ಸಿಕ್ಕಿದರೆ, ಝಿಜಿಯಾನ್ ಚೆನ್ ಅವರ ತಂಡ 2013ರಲ್ಲಿ ವರದಿ ಮಾಡಿದ ಸಿಗ್ಯಾಸ್ ಎಂಬ ಕಿಣ್ವ, ಅದರ ಅಕ್ಷರಕ್ರಮ ಯಾವುದೇ ಇರಲಿ, ಅದಕ್ಕೆ ಅಂಟಿಕೊಂಡು ಸಿಗ್ಯಾಂಪ್ ಎಂಬ ಪುಟ್ಟ ಸಂದೇಶವಾಹಕ ಅಣುವನ್ನು ತಯಾರಿಸುತ್ತದೆ. ಆ ಅಣು 2008ರಲ್ಲಿ ಗುರುತಿಸಲಾದ ಸ್ಟಿಂಗ್ ಎಂಬ ಪ್ರೋಟೀನನ್ನು ಚುರುಕುಗೊಳಿಸಿ, ಕಡೆಗೆ ನೆರೆಕೋಶಗಳನ್ನೂ ಎಚ್ಚರಿಸುವ ಇಂಟರ್‌ಫೆರಾನ್ ಹೊರಬೀಳುವಂತೆ ಮಾಡುತ್ತದೆ. ಆದರೆ ಸಿಗ್ಯಾಸ್ ಕೋಶಕೇಂದ್ರದೊಳಗೂ ಇರುತ್ತದೆ. ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್ ಉಂಡೆಗಳಿಗೆ ಅದು ಬಿಗಿದುಕೊಂಡು ಅಲ್ಲಿ ನಿಷ್ಕ್ರಿಯವಾಗಿರುತ್ತದೆ ಎಂಬ ಸಂಗತಿ 2020ರಲ್ಲಿ ಸ್ಪಷ್ಟವಾದ್ದರಿಂದ, ಜಾಗವೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವಂತಿಲ್ಲ. ಕೋಳಿ ಸಿಡುಬಿನ ವೈರಾಣು ಕೋಶದ್ರವದಲ್ಲಿಯೇ ವೃದ್ಧಿಯಾಗುತ್ತದೆ. ಕೋಳಿಯ ಭಕ್ಷಕ ಕೋಶಗಳಲ್ಲಿ ಸಿಗ್ಯಾಸ್ ಅದನ್ನು ಗುರುತಿಸುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇಂಟರ್‌ಫೆರಾನನ್ನು ಐಸಾಕ್ಸ್ ಮತ್ತು ಲಿಂಡನ್‌ಮನ್ 1957ರಲ್ಲಿ ಮೊದಲು ಕಂಡದ್ದೂ ಕೋಳಿ ಭ್ರೂಣದ ಪೊರೆಯಲ್ಲಿಯೇ.

ಹೀಗಿದ್ದರೂ ಇಲಿ ಮತ್ತು ಮನುಷ್ಯರಲ್ಲಿ ಪಡೆದ ಜ್ಞಾನವನ್ನು ಕೋಳಿಗೆ ನೇರವಾಗಿ ಅನ್ವಯಿಸುವುದು ತಪ್ಪಾಗುತ್ತದೆ. ಸಸ್ತನಿಗಳಲ್ಲಿ ಸ್ಟಿಂಗ್‌ನ ಸಂದೇಶವನ್ನು ವಂಶವಾಹಿಗಳಿಗೆ ತಲುಪಿಸುವ ಐಆರ್‌ಎಫ್-3 ಕೋಳಿಯಲ್ಲಿಲ್ಲ. ಆ ಹೊಣೆಯನ್ನು ಐಆರ್‌ಎಫ್-7 ಹೊತ್ತಿದೆ. ಮಾರೆಕ್ಸ್ ವೈರಾಣುವಿನ ಮೆಕ್ ಎಂಬ ಪ್ರೋಟೀನು ಸ್ಟಿಂಗ್ ಮತ್ತು ಐಆರ್‌ಎಫ್-7 ಎರಡಕ್ಕೂ ಅಂಟಿಕೊಂಡು ಸಂದೇಶವನ್ನು ತಡೆಯುತ್ತದೆ ಎಂದು 2019ರ ಅಧ್ಯಯನವೊಂದು ತೋರಿಸಿದ್ದು, ಈ ಕೊಂಡಿ ಕೋಳಿಗೆ ಎಷ್ಟು ಮುಖ್ಯವೆಂಬುದಕ್ಕೆ ವೈರಾಣುವೇ ಒದಗಿಸಿದ ಪುರಾವೆ ಅದು. ಕೋಶವು ನುಂಗಿದ ಪದಾರ್ಥವಿರುವ ಪೊರೆಚೀಲಗಳಲ್ಲಿ ಬ್ಯಾಕ್ಟೀರಿಯದ ಡಿಎನ್‌ಎಯನ್ನು ಅದರ ಮೀಥೈಲ್ ರಹಿತ ಸಿಪಿಜಿ ಜೋಡಿಗಳಿಂದ ಗುರುತಿಸುವ ಟಿಎಲ್‌ಆರ್-9 ಕೂಡ ಹಕ್ಕಿಗಳಲ್ಲಿಲ್ಲ. ಅದೇ ಕೆಲಸವನ್ನು ಟಿಎಲ್‌ಆರ್-21 ಮಾಡುತ್ತದೆ. ಆದ್ದರಿಂದ ಮನುಷ್ಯರ ಲಸಿಕೆಗಳ ಪರಿಣಾಮ ಹೆಚ್ಚಿಸಲು ರೂಪಿಸಿದ ಸಿಪಿಜಿ ಡಿಎನ್‌ಎ ತುಣುಕುಗಳನ್ನು ಕೋಳಿಯ ಟಿಎಲ್‌ಆರ್-21ರ ಮೇಲೆಯೇ ಪರೀಕ್ಷಿಸಿ ಆಯ್ದುಕೊಳ್ಳಬೇಕು. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಮೊಟ್ಟೆಯೊಳಗಿನ ಭ್ರೂಣಕ್ಕೆ ಕೊಟ್ಟ ಇಂಥ ತುಣುಕುಗಳು ಮರಿಗಳಿಗೆ ಇ. ಕೋಲಿ ಸೋಂಕಿನಿಂದ ರಕ್ಷಣೆ ಒದಗಿಸಿವೆ. ಪಲ್ಲಡಂ ಸೀಮೆಯ ಬಿಸಿಲಿನಲ್ಲಿ, ಅಲ್ಲಿನ ಶೆಡ್ಡುಗಳ ಸಾಂದ್ರತೆಯಲ್ಲಿ ಅದೇ ಪ್ರಯೋಗವನ್ನು ನಡೆಸಿ ನೋಡುವುದು ತಮಿಳುನಾಡು, ಕರ್ನಾಟಕಗಳ ಪಶುವೈದ್ಯ ಸಂಶೋಧಕರು ಕೈಗೆತ್ತಿಕೊಳ್ಳಬೇಕಾದ ಕೆಲಸ.